ಟೇಬ್ ಪರೀಕ್ಷೆಯ ‘ಡಿ’ ಹಂತ: ಬಾಯಲ್ಲಿ ಬರುವ ಲೆಕ್ಕ ಕಾಗದದ ಮೇಲೆ ಯಾಕೆ ಬರುವುದಿಲ್ಲ?

ಅಂಕೋಲಾ ಟೇಲರಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಅಂಕೋಲಾದವಳು. ವಯಸ್ಸು 41. ಮನೆಯ ಜಗಲಿಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. 2000ನೇ ಇಸವಿಯಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದ್ದೆ. ಗಣಿತ, ಇಂಗ್ಲಿಷು ಎರಡರಲ್ಲೂ ಢುಮ್ಕಿ. ಮತ್ತೆ ಕಟ್ಟು ಎಂದು ಅಪ್ಪ ಹೇಳಿದ್ದರು. ಅಷ್ಟರಲ್ಲಿ ಹೊಲಿಗೆ ಕ್ಲಾಸು, ಆಮೇಲೆ ಮದುವೆ. ಅಲ್ಲಿಗೆ ಮುಗಿಯಿತು.

ಈಗ ವಿಷಯ ಏನೆಂದರೆ, ಅಮೆರಿಕದಲ್ಲಿರುವ ನಮ್ಮಣ್ಣ, ನಾವೂ ಅಲ್ಲಿಗೆ ಬಂದು ನೆಲೆಸಲೆಂದು 2006ರಲ್ಲಿ ನಮ್ಮ ಹೆಸರಿಗೆ ಅರ್ಜಿ ಹಾಕಿದ್ದ. ಅರ್ಜಿ ಹಾಕಿದ್ದೇ ನಮಗೆ ಮರೆತುಹೋಗಿತ್ತು. ಈಗ ಸರದಿ ಬಂದಿದೆ. ಮುಂಬೈಯಲ್ಲಿ ಇಂಟರ್ವ್ಯೂ ಆಗಬೇಕು. ಅದು ಸರಿಯಾಗಿ ಮುಗಿದರೆ ನಾನು, ನಮ್ಮವರು, ಮಗ ಮೂವರೂ ಹೋಗುತ್ತೇವೆ. ಅಲ್ಲಿ ಹೋಗಿ ಸುಮ್ನೆ ಅತ್ತಿಗೆಯ ಅಡುಗೆಮನೆಯಲ್ಲಿ ಕೂರುವುದು ನನ್ನಿಂದ ಆಗದ ಮಾತು. ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಸಹಾಯಕಿಯ ಕೋರ್ಸ್ ಇದೆಯಂತೆ. ಅಣ್ಣ ಅವರ ಊರಿನ ದೊಡ್ಡವರ ಶಾಲೆಯಲ್ಲಿ ವಿಚಾರಿಸಿದ. ಅವರು ಮೊದಲು ‘ಟೇಬ್’ ಪರೀಕ್ಷೆ (ದೊಡ್ಡವರಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಎಂದು ನೋಡುವುದು) ಬರೆಯಬೇಕು, ‘ಡಿ’ ಹಂತದ ಅಂಕ ಬೇಕು ಎಂದರಂತೆ. ನಮ್ಮ ಅತ್ತೆಗೆ ಹೇಳಿದರೆ, “ಟೇಪು ನಿನ್ನ ಕುತ್ತಿಗೆಯಲ್ಲೇ ನೇತಾಡುತ್ತಾ ಉಂಟಲ್ಲ, ಅದಕ್ಕೊಂದು ಪರೀಕ್ಷೆ ಬೇರೆ ಯಾಕೆ?” ಎಂದರು.

ನನ್ನ ಕಷ್ಟ ಹೇಳುತ್ತೇನೆ. ನಾನು ಲೆಕ್ಕ ಬರದವಳಲ್ಲ. ನಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕ ಆರು ವರ್ಷದಿಂದ ನನ್ನ ಕೈಯಲ್ಲಿದೆ. ಐದು ಸಾವಿರ ಸಾಲಕ್ಕೆ ನೂರಕ್ಕೆ ಎರಡರಂತೆ ತಿಂಗಳ ಬಡ್ಡಿ ಎಷ್ಟು ಎಂದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತೇನೆ. ಆದರೆ ಮಗ ಮೊಬೈಲಿನಲ್ಲಿ ಇಂಗ್ಲಿಷಿನ ಲೆಕ್ಕ ತೆಗೆದು ಮುಂದೆ ಹಿಡಿದರೆ ಕೈಕಾಲು ತಣ್ಣಗಾಗುತ್ತದೆ. ನಿನ್ನೆ ಒಂದು ಕೊಟ್ಟ. ಜಾಕೆಟ್ಟಿನ ಬೆಲೆ 60 ಡಾಲರ್. ಟ್ವೆಂಟಿ ಪರ್ಸೆಂಟ್ ಆಫ್. ಅದರ ಮೇಲೆ 5 ಪರ್ಸೆಂಟ್ ತೆರಿಗೆ. ಕೊಡಬೇಕಾದ್ದು ಎಷ್ಟು? ನಾನು 12 ಡಾಲರ್ 60 ಸೆಂಟ್ ಎಂದೆ. ಉತ್ತರ 50 ಡಾಲರ್ 40 ಸೆಂಟ್ ಅಂತೆ. ಮಗ ಬಿದ್ದು ಬಿದ್ದು ನಕ್ಕ. “ಅಮ್ಮಾ, 12 ಡಾಲರಿಗೆ ಜಾಕೆಟ್ ಸಿಕ್ಕರೆ ನನಗೂ ಎರಡು ತಗೋ” ಎಂದ. ಎಲ್ಲಿ ತಪ್ಪಿದೆ ಎಂದು ರಾತ್ರಿ ಹನ್ನೊಂದರವರೆಗೆ ಕೂತರೂ ತಲೆಬುಡ ಗೊತ್ತಾಗಲಿಲ್ಲ.

ಈ ಪರೀಕ್ಷೆ ಬರೆದವರು ಯಾರಾದರೂ ಇದ್ದೀರಾ? ಫೇಲಾದರೆ ಏನಾಗುತ್ತದೆ? ಐದಾರು ತಿಂಗಳು ಸಮಯ ಇದೆ. ಆದರೆ ಚೌತಿ ಹತ್ತಿರ ಬಂತು, ಬ್ಲೌಸಿನ ರಾಶಿ ಬಿದ್ದಿದೆ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಕೂರಲು ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕಾರವಾರದ ಕಡಲಕಾಗೆ

ಅಕ್ಕಾ, ನನ್ನ ಮಾತು ಕೇಳಿದರೆ ಇಲ್ಲೇ ಎನ್‌ಐಒಎಸ್‌ನಲ್ಲಿ (ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೆಯದು ಮುಗಿಸಿಕೊಂಡು ಹೋಗಿ. ಐದು ವಿಷಯ ಆರಿಸಿಕೊಂಡರೆ ಸಾಕು, ಗಣಿತ ತಗೊಳ್ಳಲೇಬೇಕು ಎಂದೇನಿಲ್ಲ. ಅಷ್ಟು ಬೇಡವೆಂದರೆ ಅವರದೇ ‘ಸಿ’ ಹಂತ ಇದೆ, ಅದು ಎಂಟನೇ ತರಗತಿಗೆ ಸಮ. ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರಲಿ. ಅಲ್ಲಿಗೆ ಹೋಗಿ ಇಂಗ್ಲಿಷಲ್ಲಿ ಒದ್ದಾಡುವುದಕ್ಕಿಂತ ಅದು ವಾಸಿ ಅಲ್ವಾ?

ಕುಮಟೆಯವಳು, ಈಗ ಟೆಕ್ಸಾಸ್

ಅಕ್ಕಾ, ನಿಮ್ಮ ಬರಹ ಓದಿ ನಕ್ಕೂ ನಕ್ಕೂ ಆಮೇಲೆ ಕಣ್ಣಲ್ಲಿ ನೀರು ಬಂತು. ನಾನು ಕುಮಟೆಯವಳು. ನಾಲ್ಕು ವರ್ಷದ ಹಿಂದೆ ಇದೇ ಟೇಬ್ ಬರೆದಿದ್ದೇನೆ, ಅದೂ ಮೂರು ಸಲ. ಮೂರು ಸಲ ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ಕಾರವಾರದ ತಮ್ಮ ಹೇಳಿದ್ದು ಕೆಟ್ಟದ್ದೇನಲ್ಲ. ಆದರೆ ನೀವು ಸೇರಬೇಕೆಂದಿರುವ ಕೋರ್ಸಿಗೆ ಅವರು ಕೇಳುತ್ತಿರುವುದು ಟೇಬ್ ಅಂಕ. ನಮ್ಮ ಊರಿನ ಸರ್ಟಿಫಿಕೇಟ್ ತೋರಿಸಿದರೂ ಬಹುಶಃ ಟೇಬ್ ಬರೆಸಿಯೇ ಬರೆಸುತ್ತಾರೆ. ನನಗೆ ಹಾಗೇ ಆಯಿತು. ನನ್ನ ಪಿಯುಸಿ ಅಂಕಪಟ್ಟಿಯನ್ನು ಅವರು ತಿರುಗಿಸಿಯೂ ನೋಡಲಿಲ್ಲ.

ಮೊದಲು ನಿಮ್ಮ ಹೆದರಿಕೆಗೆ ಉತ್ತರ. ಇದರಲ್ಲಿ ಫೇಲು ಎಂಬುದೇ ಇಲ್ಲ. ನೀವು ಬ್ಲೌಸ್ ಹೊಲಿಯುವ ಮೊದಲು ಅಳತೆ ತಗೊಳ್ಳುತ್ತೀರಲ್ಲ, ಇದು ಅಷ್ಟೇ. ಅಳತೆಯಲ್ಲಿ ಯಾರೂ ಫೇಲಾಗುವುದಿಲ್ಲ. ಎಲ್, ಇ, ಎಂ, ಡಿ, ಎ ಎಂದು ಐದು ಹಂತ. ‘ಡಿ’ ಎಂದರೆ ಅವರ ಶಾಲೆಯ ಆರರಿಂದ ಎಂಟನೇ ತರಗತಿಯ ಮಟ್ಟ. ಓದು, ಗಣಿತ, ಭಾಷೆ ಎಂದು ಮೂರು ವಿಷಯ. ಅಂಕ 300ರಿಂದ 800ರೊಳಗೆ ಬರುತ್ತದೆ. ನಾನು ಬರೆದಾಗ ಇದ್ದದ್ದು ಟೇಬ್ 11 ಮತ್ತು 12. ಒಂದೇ ಪರೀಕ್ಷೆಯ ಎರಡು ಪ್ರಶ್ನೆಪತ್ರಿಕೆ ಎಂದುಕೊಳ್ಳಿ. ಮೊದಲು ಒಂದು, ಕೆಲವು ವಾರ ಪಾಠ ಕೇಳಿದ ಮೇಲೆ ಇನ್ನೊಂದು. ಎಷ್ಟು ಮುಂದೆ ಬಂದಿದ್ದೀರಿ ಎಂದು ಹಾಗೆ ನೋಡುತ್ತಾರೆ.

‘ಡಿ ಹಂತದ ಅಂಕ’ ಎಂದು ನಿಮ್ಮಣ್ಣ ಹೇಳಿದ್ದು ಬಹುಶಃ ನಾಲ್ಕನೇ ಮಟ್ಟದ ಅಂಕ. ಅದನ್ನು ಇಲ್ಲಿ ‘ಹೈ ಇಂಟರ್‌ಮೀಡಿಯೆಟ್’ ಎನ್ನುತ್ತಾರೆ. ನಾನು ಬರೆದಾಗ ಅದು ಓದಿನಲ್ಲಿ 536ರಿಂದ 575, ಗಣಿತದಲ್ಲಿ 537ರಿಂದ 595, ಭಾಷೆಯಲ್ಲಿ 547ರಿಂದ 583. ನಿಮ್ಮ ಕೋರ್ಸಿಗೆ ಮೂರೂ ಬೇಕೋ, ಓದು ಮತ್ತು ಗಣಿತ ಮಾತ್ರ ಸಾಕೋ ಎಂದು ಅಣ್ಣನಿಂದ ಇನ್ನೊಮ್ಮೆ ಕೇಳಿಸಿ. ಇನ್ನೊಂದು ಮಾತನ್ನೂ ಕೇಳಿಸಿ. ಇಂಗ್ಲಿಷ್ ಕಲಿಯುವವರಿಗೆ ‘ಟೇಬ್ ಕ್ಲಾಸ್-ಇ’ ಎಂಬ ಬೇರೆಯೇ ಪರೀಕ್ಷೆ ಇದೆ. ಹೆಸರು ಒಂದೇ ಥರ ಇರುವುದರಿಂದ ಜನ ಎಡವುತ್ತಾರೆ. ಅದಕ್ಕೆ ಓದಿ ಇದಕ್ಕೆ ಹೋಗಿ ಕೂತರೆ ಕಷ್ಟ.

ಈಗ ಜಾಕೆಟ್ಟಿನ ವಿಷಯ. ಅಕ್ಕಾ, ನಿಮ್ಮ ಲೆಕ್ಕ ತಪ್ಪಿಲ್ಲ! ನೀವು ಬೇರೆ ಪ್ರಶ್ನೆಗೆ ಸರಿ ಉತ್ತರ ಕೊಟ್ಟಿದ್ದೀರಿ. ಇಂಗ್ಲಿಷಿನಲ್ಲಿ ‘ಆಫ್’ ಎರಡಿದೆ. ಒಂದು ಎಫ್ ಇರುವ ಆಫ್ ಬಂದರೆ ‘ಅದರಲ್ಲಿ ಇಷ್ಟು ಪಾಲು’. ಎರಡು ಎಫ್ ಇರುವ ಆಫ್ ಬಂದರೆ ‘ಅದರಿಂದ ಇಷ್ಟು ಕಳೆ’, ಅಂದರೆ ರಿಯಾಯಿತಿ. ನಮ್ಮ ಬಾಯಲ್ಲಿ ಎರಡೂ ಒಂದೇ. ಕನ್ನಡದಲ್ಲಿ ಬರೆದರೂ ಒಂದೇ. 60ರಲ್ಲಿ ನೂರಕ್ಕೆ 20ರಂತೆ ಪಾಲು 12, ಅದಕ್ಕೆ ತೆರಿಗೆ ಸೇರಿಸಿದರೆ 12.60. ನೀವು ಮಾಡಿದ್ದು ಅದು. ಅವರು ಕೇಳಿದ್ದು 60ರಿಂದ 12 ಕಳೆದು 48, ಅದರ ಮೇಲೆ 5 ಪರ್ಸೆಂಟ್ ಎಂದರೆ 2.40, ಒಟ್ಟು 50.40. ಒಂದು ಎಫ್ ಜಾಸ್ತಿ ಇದ್ದದ್ದಕ್ಕೆ ರಾತ್ರಿ ಹನ್ನೊಂದರವರೆಗೆ ಕೂತಿದ್ದೀರಿ, ಪಾಪ.

ಇದನ್ನೇ ನಾನು ಹೇಳಬೇಕೆಂದಿದ್ದದ್ದು. ನಮ್ಮಂಥವರಿಗೆ ‘ಡಿ’ ಹಂತದ ಗಣಿತದಲ್ಲಿ ಲೆಕ್ಕ ಕಷ್ಟವಲ್ಲ, ವಾಕ್ಯ ಕಷ್ಟ. ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಇಂಗ್ಲಿಷ್ ವಾಕ್ಯ ಓದಿದ ಕೂಡಲೇ ಪೆನ್ನು ಎತ್ತುತ್ತಿರಲಿಲ್ಲ. ಮೊದಲು ಮನಸ್ಸಿನಲ್ಲೇ ಅದನ್ನು ನಮ್ಮಮ್ಮನಿಗೆ ಹೇಳುತ್ತಿದ್ದೆ, ಕನ್ನಡದಲ್ಲಿ. ಅಮ್ಮನಿಗೆ ಅರ್ಥವಾಗುವಂತೆ ಹೇಳಲು ಬಂದರೆ ಲೆಕ್ಕ ಅರ್ಧ ಮುಗಿದ ಹಾಗೆ. ‘ಫೈವ್ ಲೆಸ್ ದ್ಯಾನ್ ಎ ನಂಬರ್’ ಎಂದು ಬರುತ್ತದೆ. ಐದು ಮೊದಲು ಬಂತಲ್ಲ ಎಂದು ನಮ್ಮ ಕ್ಲಾಸಿನಲ್ಲಿ ಹತ್ತರಲ್ಲಿ ಎಂಟು ಜನ ಐದರಿಂದ ಸಂಖ್ಯೆ ಕಳೆದಿದ್ದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದವರೂ ಇದ್ದರು! ನಾನು ಅಮ್ಮನಿಗೆ ಹೇಳಿ ನೋಡಿದೆ: ‘ಒಂದು ಸಂಖ್ಯೆಗಿಂತ ಐದು ಕಡಿಮೆ’. ಕನ್ನಡದಲ್ಲಿ ಸಂಖ್ಯೆಯೇ ಮೊದಲು ಬರುತ್ತದೆ, ಐದು ಆಮೇಲೆ. ಎಕ್ಸ್ ಮೈನಸ್ 5. ಹಾಗೇ ಬರೆದರೆ ಆಯಿತು. ಇಂಗ್ಲಿಷ್ ಮಾಧ್ಯಮದವರಿಗೆ ಇಲ್ಲದ ಊರುಗೋಲು ನಮ್ಮ ಹತ್ತಿರ ಇದೆ ಎಂದು ಅವತ್ತು ಗೊತ್ತಾಯಿತು.

ಭಾಷೆಯ ಭಾಗದಲ್ಲೂ ಇದೇ ಕೈ ಹಿಡಿಯಿತು. ‘ಮಾವಿನಹಣ್ಣುಗಳ ಪೆಟ್ಟಿಗೆ’ ಎಂಬುದನ್ನು ಇಂಗ್ಲಿಷಿನಲ್ಲಿ ‘ದ ಬಾಕ್ಸ್ ಆಫ್ ಮ್ಯಾಂಗೋಸ್’ ಎನ್ನುತ್ತಾರೆ. ಮುಂದೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ? ಹಣ್ಣು ತುಂಬ ಇದೆ ಎಂದು ಕಣ್ಣು ‘ಆರ್’ ಕಡೆ ಹೋಗುತ್ತದೆ. ಕನ್ನಡದಲ್ಲಿ ಹೇಳಿ ನೋಡಿ. ನಿಮ್ಮ ಅಂಕೋಲೆಯ ಕರಿ ಇಷಾಡಿನ ಪೆಟ್ಟಿಗೆ ಜಗಲಿಯಲ್ಲಿ ‘ಇದೆ’. ಪೆಟ್ಟಿಗೆ ಒಂದೇ. ಹಾಗಾಗಿ ‘ಈಸ್’. ಈ ಉಪಾಯ ನಡೆಯದ ಜಾಗವೂ ಇದೆ. ‘ಎ’, ‘ದ’ ನಮ್ಮಲ್ಲಿ ಇಲ್ಲವೇ ಇಲ್ಲ, ಅದನ್ನು ಕಿವಿಯಲ್ಲೇ ಹಿಡಿಯಬೇಕು. ಅಲ್ಪವಿರಾಮ ಎಲ್ಲಿ ಹಾಕಬೇಕು ಎಂಬುದನ್ನೂ ಕೂತು ಕಲಿಯಲೇಬೇಕು.

ಓದಿನ ಭಾಗದಲ್ಲಿ ನನ್ನ ಒಂದು ಪೆದ್ದುತನ ಹೇಳುತ್ತೇನೆ. ಅಭ್ಯಾಸಕ್ಕೆ ಒಂದು ಪತ್ರ ಕೊಟ್ಟಿದ್ದರು. ರಾತ್ರಿ ಬಸ್ ಹೆಚ್ಚು ಬಿಡಬೇಕು ಎಂದು ಒಬ್ಬಳು ಊರಿನವರಿಗೆ ಬರೆದದ್ದು. ಬಸ್ ಯಾಕೆ ಬೇಕು ಎಂದು ಪ್ರಶ್ನೆ. ನಾನು ಒಂದು ಕ್ಷಣವೂ ಯೋಚಿಸದೆ ‘ಈಗಿರುವ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲ’ ಎಂಬುದಕ್ಕೆ ಗುರುತು ಹಾಕಿದೆ. ದೇವಿಮನೆ ಘಟ್ಟ ಇಳಿದು ಬರಬೇಕಾದ ಶಿರಸಿ ಬಸ್ಸನ್ನು ಕುಮಟಾ ಸ್ಟ್ಯಾಂಡಿನಲ್ಲಿ ಕಾದು ಕಾದು ಬೆಳೆದವಳು ನಾನು! ಪತ್ರದಲ್ಲಿ ಹಾಗೆ ಎಲ್ಲೂ ಇರಲಿಲ್ಲ. ಆಸ್ಪತ್ರೆಯ ಎರಡನೇ ಪಾಳಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ, ಆಮೇಲೆ ಮನೆಗೆ ಹೋಗಲು ದಾರಿಯಿಲ್ಲ ಎಂದಿತ್ತು. ನಮಗೆ ಗೊತ್ತಿರುವುದನ್ನು ಅವರು ಕೇಳುವುದಿಲ್ಲ ಅಕ್ಕಾ. ಕಾಗದದಲ್ಲಿ ಏನಿದೆ ಎಂದಷ್ಟೇ ಕೇಳುತ್ತಾರೆ. ಕೆಲವು ಪ್ರಶ್ನೆಗಳಲ್ಲಿ ಮೊದಲು ಉತ್ತರ ಆರಿಸಬೇಕು, ಆಮೇಲೆ ಆ ಉತ್ತರಕ್ಕೆ ಆಧಾರವಾದ ಸಾಲನ್ನೂ ಆರಿಸಬೇಕು. ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಆಗದ ಉತ್ತರಕ್ಕೆ ಗುರುತು ಹಾಕಬೇಡಿ.

ಈಗ ಮೂರು ಸಲ ಯಾಕೆ ಬರೆದೆ ಎಂಬುದು. ಮುಖ್ಯ ಪರೀಕ್ಷೆಗೆ ಮೊದಲು ‘ಲೊಕೇಟರ್’ ಎಂಬ ಸಣ್ಣ ಪರೀಕ್ಷೆ ಇರುತ್ತದೆ. ನಿಮಗೆ ಯಾವ ಹಂತದ ಪತ್ರಿಕೆ ಕೊಡಬೇಕು ಎಂದು ನೋಡಲು. ನನ್ನ ಪಕ್ಕ ಕೂತವಳು ಹದಿನೆಂಟರ ಹುಡುಗಿ, ಟಕಟಕ ಒತ್ತುತ್ತಿದ್ದಳು. ನನಗೂ ಹುರುಪು ಬಂತು. ಗೊತ್ತಿಲ್ಲದ್ದಕ್ಕೆಲ್ಲ ಅಂದಾಜಿನ ಮೇಲೆ ಒತ್ತಿದೆ. ದುರದೃಷ್ಟಕ್ಕೆ ಸುಮಾರು ಅಂದಾಜು ಸರಿಯಾಗಿಬಿಟ್ಟಿತು! ಗಣಿತದಲ್ಲಿ ‘ಎ’ ಹಂತದ ಪತ್ರಿಕೆ ಕೊಟ್ಟರು. ಅದರ ಮುಂದೆ ಕೂತು ಬೆವತುಹೋದೆ. ಅಂಕ ತೀರಾ ಕೆಳಗೆ ಬಂದು ಲೆಕ್ಕಕ್ಕೇ ಸಿಗಲಿಲ್ಲ. ನೋಡಿಕೊಳ್ಳುತ್ತಿದ್ದವರು ನನಗೆ ಏನನ್ನೂ ವಿವರಿಸದೆ ‘ಮತ್ತೆ ಬನ್ನಿ’ ಎಂದು ಕಳಿಸಿದರು. ಎರಡು ವಾರ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ‘ಡಿ’ ಪತ್ರಿಕೆ ಬರೆದೆ. 521 ಬಂತು. ಕ್ಲಾಸಿಗೆ ಹೋಗಿ ಎರಡನೇ ಪತ್ರಿಕೆ ಬರೆದಾಗ 560. ಲೊಕೇಟರಿನಲ್ಲಿ ಜಾಣತನ ತೋರಿಸಬೇಡಿ ಅಕ್ಕಾ. ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಟ್ಟರೆ ಬ್ಲೌಸ್ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾ?

ಶಿರಸಿ ಗಣಿತ ಮಾಸ್ತರ (ನಿವೃತ್ತ)

ತಂಗೀ, ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ಈ ಪರೀಕ್ಷೆಯ ಹೆಸರು ಇವತ್ತೇ ಕೇಳಿದ್ದು. ಆದರೆ ಅವರ ಆರರಿಂದ ಎಂಟನೇ ತರಗತಿಯ ಗಣಿತ ಎಂದರೆ ಏನಿರುತ್ತದೆ ಎಂದು ಮೊಮ್ಮಗಳ ಪುಸ್ತಕ ನೋಡಿ ಗೊತ್ತು. ಅನುಪಾತ, ಶೇಕಡಾ, ಮೈನಸ್ ಸಂಖ್ಯೆ, ಎಕ್ಸ್ ಕಂಡುಹಿಡಿಯುವುದು, ಪೈಥಾಗೊರಸ್, ಸಿಲಿಂಡರಿನ ಗಾತ್ರ, ಸರಾಸರಿ, ಗ್ರಾಫು. ಅಷ್ಟೇ.

ನೀನು ಪುಸ್ತಕ ತೆಗೆಯುವ ಮೊದಲು ಕುತ್ತಿಗೆಯಲ್ಲಿರುವ ಟೇಪು ತೆಗೆ. ಅತ್ತೆಯವರು ತಮಾಷೆಗೆ ಹೇಳಿದ್ದರೂ ಸರಿಯಾಗಿಯೇ ಹೇಳಿದ್ದಾರೆ. ಅಮೆರಿಕದವರ ಲೆಕ್ಕ ನಡೆಯುವುದೇ ಇಂಚು, ಅಡಿಯಲ್ಲಿ. ಸೆಂಟಿಮೀಟರಿನಲ್ಲಿ ಕಲಿತ ನನ್ನ ವಿದ್ಯಾರ್ಥಿಗಳಿಗೆ ಇಂಚಿನ ಭಿನ್ನರಾಶಿ ಎಂದರೆ ಜ್ವರ ಬರುತ್ತದೆ. ನಿನಗೆ ಅದು ದಿನದ ಊಟ. ಎದೆ ಸುತ್ತಳತೆ 35 ಇದ್ದರೆ ನಾಲ್ಕನೇ ಒಂದು ಭಾಗ ಎಷ್ಟು? ಎಂಟು ಮುಕ್ಕಾಲು ಎಂದು ನಿದ್ದೆಗಣ್ಣಲ್ಲೂ ಹೇಳುತ್ತೀ. ಅದನ್ನು ಎಂಟು ಇಂಚು ಆರು ನೂಲು ಎಂದೂ ಹೇಳುತ್ತೀ. ಪುಸ್ತಕದವರು ಅದನ್ನೇ 8.75 ಎಂದು ಬರೆಯುತ್ತಾರೆ. ಆರು ನೂಲು ಎಂದರೆ ಎಂಟರಲ್ಲಿ ಆರು, ಅದೇ ನಾಲ್ಕರಲ್ಲಿ ಮೂರು, ಅದೇ 0.75, ಅದೇ ನೂರಕ್ಕೆ 75. ಒಂದು ವಾರ ಯಾವ ಬ್ಲೌಸ್ ಕತ್ತರಿಸಿದರೂ ಅಳತೆಯನ್ನು ಭಿನ್ನರಾಶಿ, ದಶಮಾಂಶ, ಶೇಕಡಾ ಈ ಮೂರು ವೇಷದಲ್ಲೂ ಬರೆದಿಡು. ಬೇರೆ ಏನೂ ಮಾಡಬೇಡ.

ಎರಡನೇ ವಾರ ಒಂದು ಬಟ್ಟೆ ತಗೊ. ಸರಿಯಾಗಿ 12 ಇಂಚಿನ ಚೌಕ. ಕ್ರಾಸ್ ಪಟ್ಟಿ ಕತ್ತರಿಸುವಾಗ ಮಡಚುತ್ತೀಯಲ್ಲ, ಹಾಗೆ ಮೂಲೆಯಿಂದ ಮೂಲೆಗೆ ಟೇಪು ಇಡು. ಎಷ್ಟು ಬರುತ್ತದೆ ಬರೆದಿಡು. ಆಮೇಲೆ ಲೆಕ್ಕ ಮಾಡು. 12 ಗುಣಿಲೆ 12 ಅಂದರೆ 144. ಎರಡು ಬದಿಗೆ 288. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 288 ಬರುತ್ತದೆ? 17 ಗುಣಿಲೆ 17 ಅಂದರೆ 289. ಹಾಗಾದರೆ 17ಕ್ಕೆ ಕೂದಲೆಳೆಯಷ್ಟು ಕಡಿಮೆ. ಟೇಪು ಏನು ಹೇಳಿತು, ಲೆಕ್ಕ ಏನು ಹೇಳಿತು ನೋಡು. ಇದನ್ನೇ ಪೈಥಾಗೊರಸ್ ಪ್ರಮೇಯ ಎಂದು ಹೆದರಿಸಿ ನಿನ್ನನ್ನು 2000ದಲ್ಲಿ ಫೇಲು ಮಾಡಿದ್ದು. ನಮ್ಮ ಕಡೆಯಿಂದಲೂ ತಪ್ಪಿದೆ, ಒಪ್ಪುತ್ತೇನೆ. ನಾನು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಕ್ಲಾಸಿಗೆ ಬಟ್ಟೆ ತಗೊಂಡು ಹೋಗಲಿಲ್ಲ.

ಅನುಪಾತಕ್ಕೆ ಮೀನು ಪೇಟೆ ಸಾಕು. (ನಾವು ಮೀನು ತಿನ್ನುವವರಲ್ಲ, ಲೆಕ್ಕ ಮಾತ್ರ ತಗೊಂಡಿದ್ದೇನೆ.) ನೂರು ರೂಪಾಯಿಗೆ ಎಂಟು ಬಂಗಡೆ. ಇನ್ನೊಬ್ಬಳು ನೂರೈವತ್ತಕ್ಕೆ ಹನ್ನೆರಡು ಕೊಡುತ್ತೇನೆ, ನಿನಗೆಂದು ಬಿಡುತ್ತಿದ್ದೇನೆ ಎನ್ನುತ್ತಾಳೆ. ಯಾವುದು ಅಗ್ಗ? ಎರಡೂ ಒಂದಕ್ಕೆ ಹನ್ನೆರಡೂವರೆ! ಮೀನು ಎಷ್ಟು ಎಂದು ಅಡ್ಡಕ್ಕೆ, ರೂಪಾಯಿ ಎಷ್ಟು ಎಂದು ಮೇಲಕ್ಕೆ ಬರೆದು ಚುಕ್ಕೆ ಇಟ್ಟು ಸೇರಿಸು. ಸೊನ್ನೆಯಿಂದ ಹೊರಟ ನೇರ ಗೆರೆ ಬರುತ್ತದೆ. ವೈ ಸಮ 12.5 ಎಕ್ಸ್. ಎಂಟನೇ ತರಗತಿಯ ದೊಡ್ಡ ಪಾಠ ಇದು.

ಇನ್ನೊಂದು ಮಾತು. ಅವರು ಒಂದೂವರೆ ಲಕ್ಷವನ್ನು 150,000 ಎಂದು ಬರೆಯುತ್ತಾರೆ. ಮೂರು ಮೂರು ಅಂಕಿಗೆ ಅಲ್ಪವಿರಾಮ. ನಮ್ಮ ಹಾಗೆ 1,50,000 ಅಲ್ಲ. ಸಣ್ಣ ವಿಷಯವೇ. ಆದರೆ ಗಡಿಬಿಡಿಯಲ್ಲಿ ಕಣ್ಣು ಮೋಸ ಮಾಡುತ್ತದೆ.

ಕಾರವಾರದ ಕಡಲಕಾಗೆ

ಮಾಸ್ತರೇ, ಹನ್ನೆರಡೂವರೆಗೆ ಬಂಗಡೆ ಎಲ್ಲಿ ಸಿಗುತ್ತದೆ ಸ್ವಲ್ಪ ಹೇಳಿ. ಜೂನ್, ಜುಲೈ ಎರಡು ತಿಂಗಳು ಬೋಟು ಬಂದ್ ಇದ್ದದ್ದು ಈಗಷ್ಟೇ ಶುರುವಾಗಿದೆ. ಪೇಟೆಯಲ್ಲಿ ದರ ಕೇಳಿದರೆ ನಿಮ್ಮ ನೇರ ಗೆರೆ ಆಕಾಶಕ್ಕೆ ಹೋಗುತ್ತದೆ.

ಅಕ್ಕಾ, ಎನ್‌ಐಒಎಸ್ ಮಾತು ವಾಪಸ್ ತಗೊಂಡೆ. ಕುಮಟೆ ಅಕ್ಕ ಹೇಳಿದ್ದು ಸರಿ ಕಾಣುತ್ತದೆ. ನಾನು ಇಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವ. ಪರೀಕ್ಷೆ ಕಂಪ್ಯೂಟರಿನಲ್ಲಾ, ಕಾಗದದ ಮೇಲಾ? ಅದನ್ನು ಯಾರೂ ಹೇಳಲಿಲ್ಲ.

ಕುಮಟೆಯವಳು, ಈಗ ಟೆಕ್ಸಾಸ್

ಒಳ್ಳೆಯ ಪ್ರಶ್ನೆ ತಮ್ಮಾ, ಮರೆತೇಬಿಟ್ಟಿದ್ದೆ. ಎರಡೂ ಥರ ಇದೆ, ನಾನು ಬರೆದದ್ದು ಕಂಪ್ಯೂಟರಿನಲ್ಲಿ. ಬರೀ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದಲ್ಲ. ಕೆಲವಕ್ಕೆ ಎರಡು ಮೂರು ಉತ್ತರ ಆರಿಸಬೇಕು. ಕೆಲವಕ್ಕೆ ಉತ್ತರದ ಚೀಟಿಯನ್ನು ಮೌಸಿನಲ್ಲಿ ಎಳೆದು ಸರಿಯಾದ ಡಬ್ಬಿಯೊಳಗೆ ಹಾಕಬೇಕು. ನಾನು ಮೊಬೈಲ್ ಬಿಟ್ಟರೆ ಬೇರೇನೂ ಮುಟ್ಟಿದವಳಲ್ಲ. ಎಳೆದ ಚೀಟಿ ನಡುದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಉತ್ತರ ಗೊತ್ತಿದ್ದೂ ಡಬ್ಬಿಗೆ ಹಾಕಲಾಗದೆ ಅಳು ಬಂದಿತ್ತು. ಪರೀಕ್ಷೆ ಮಾಡುವವರು ಡಿಆರ್‌ಸಿ ಎಂಬ ಕಂಪನಿ. ಅವರ ಜಾಲತಾಣದಲ್ಲಿ ಪರದೆಯ ಅಭ್ಯಾಸ ಮಾಡಲು ಪುಕ್ಕಟೆ ಜಾಗ ಇದೆ. ಗಣಿತಕ್ಕೆ ಖಾನ್ ಅಕಾಡೆಮಿ, ಅದೂ ಪುಕ್ಕಟೆ. ಆರನೇ ತರಗತಿಯಿಂದ ಹಿಡಿಯಿರಿ. ಎಂಟಕ್ಕೆ ಹಾರಬೇಡಿ.

ಅಂಕೋಲಾ ಟೇಲರಕ್ಕ

ಹನ್ನೆರಡು ದಿನ ಆಯಿತು ಬರೆಯದೆ. ಚೌತಿ ಬ್ಲೌಸುಗಳು ಮುಗಿದವು. ನಡುವೆ ಎರಡು ದಿನ ಮಳೆಗೆ ಕರೆಂಟೇ ಇರಲಿಲ್ಲ.

ಮಾಸ್ತರೇ, ನೀವು ಹೇಳಿದ ಚೌಕ ಮಾಡಿದೆ. ಅಸ್ತರದ ಬಿಳಿ ಬಟ್ಟೆಯಲ್ಲಿ. ಮೊದಲನೇ ಸಲ 17 ಇಂಚು ಎರಡು ನೂಲು ಬಂತು. ನಿಮ್ಮ ಪ್ರಮೇಯವೇ ಸುಳ್ಳು ಎಂದು ಬರೆಯಲು ಕೂತಿದ್ದೆ. ಆಮೇಲೆ ನೆನಪಾಯಿತು, ಓರೆಗೆ ಹಿಡಿದರೆ ಬಟ್ಟೆ ಜಗ್ಗುತ್ತದಲ್ಲ! ಕ್ರಾಸ್ ಪಟ್ಟಿ ಕತ್ತರಿಸುವುದೇ ಅದಕ್ಕೆ. ಬಟ್ಟೆ ಬಿಟ್ಟು ಹಳೆ ಕ್ಯಾಲೆಂಡರಿನ ಹಾಳೆಯಲ್ಲಿ ಮಾಡಿದೆ. 17ಕ್ಕೆ ಸರಿಯಾಗಿ ಮುಟ್ಟಲಿಲ್ಲ, ದಾರದಷ್ಟು ಕಡಿಮೆ ನಿಂತಿತು. ಮಗನನ್ನು ಕರೆದು ತೋರಿಸಿದೆ. ಅವನಿಗೆ ಇದೇ ಪಾಠ ಈ ವರ್ಷ ಇದೆಯಂತೆ. ಈಗ ನಮ್ಮಿಬ್ಬರದು ಒಂದೇ ಕ್ಲಾಸು.

ಕುಮಟೆ ತಂಗೀ, ಅಮ್ಮನಿಗೆ ಹೇಳುವ ಉಪಾಯ ನಾನು ಅತ್ತೆಯ ಮೇಲೆ ಮಾಡುತ್ತಿದ್ದೇನೆ. ಮನಸ್ಸಿನಲ್ಲಿ ಅಲ್ಲ, ಎದುರಿಗೇ. ಅವರು ತೆಂಗಿನಕಾಯಿ ಹೆರೆಯುತ್ತಾ ಕೇಳುತ್ತಾರೆ. ಮೊನ್ನೆ ‘ಬೆಳಿಗ್ಗೆ ಚಳಿ ಮೈನಸ್ 4 ಇತ್ತು, ಮಧ್ಯಾಹ್ನ 9 ಆಯಿತು, ಎಷ್ಟು ಏರಿತು?’ ಎಂಬ ಲೆಕ್ಕ ಹೇಳಿದೆ. ಸೊನ್ನೆಗಿಂತ ಕೆಳಗೆ ಚಳಿ ಎಂದರೇನು ಎಂದು ಅತ್ತೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂಕೋಲೆಯಲ್ಲಿ ಕಂಬಳಿ ಹೊದ್ದವರುಂಟೇ? ಕೊನೆಗೆ ಅತ್ತೆಯೇ ಹೇಳಿದರು, “ಸಂಘದಲ್ಲಿ ನಾಲ್ಕು ರೂಪಾಯಿ ಸಾಲ ಇದ್ದವಳು ಈಗ ಒಂಬತ್ತು ರೂಪಾಯಿ ಉಳಿತಾಯಕ್ಕೆ ಬಂದಳು. ಸಾಲ ತೀರಿಸಲು ನಾಲ್ಕು, ಮೇಲೆ ಒಂಬತ್ತು. ಹದಿಮೂರು.” ನಾನು ಪೆನ್ನು ಹಿಡಿದುಕೊಂಡೇ ಇದ್ದೆ.

ಅಣ್ಣನಿಂದ ಕೇಳಿಸಿದೆ. ಓದು ಮತ್ತು ಗಣಿತ ಎರಡೇ ಸಾಕಂತೆ, ಕ್ಲಾಸ್-ಇ ಅಲ್ಲ, ಇದೇ. ‘ಎ’, ‘ದ’ ಕಾಟದಿಂದ ಸದ್ಯಕ್ಕೆ ತಪ್ಪಿತು ಎಂದು ಖುಷಿ.

ಓದು ಮಾತ್ರ ನಿಧಾನ. ದಿನಕ್ಕೆ ಒಂದು ಪುಟ ಓದುತ್ತೇನೆ. ಮಿಷನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಹತ್ತು ವರ್ಷದಿಂದ ಡ್ರಾಯರಿನಲ್ಲಿ ಬಿದ್ದಿತ್ತು, ಅದರಿಂದ ಶುರು ಮಾಡಿದ್ದೇನೆ. ಕೆಳಗಿನ ದಾರ ಯಾಕೆ ಗಂಟಾಗುತ್ತದೆ ಎಂದು ಅದರಲ್ಲಿ ಬರೆದಿದೆ. ಮೇಲಿನ ದಾರ ಸರಿಯಾಗಿ ಪೋಣಿಸದಿದ್ದರೆ ಕೆಳಗೆ ಗಂಟಾಗುತ್ತದೆಯಂತೆ! ನಾನು ಹತ್ತು ವರ್ಷ ಬಾಬಿನ್ನಿಗೇ ಬೈಯುತ್ತಿದ್ದೆ. ಉತ್ತರದ ಸಾಲಿನ ಮೇಲೆ ಬೆರಳಿಟ್ಟು ಮಗನಿಗೆ ತೋರಿಸಿದೆ, ನೀವು ಹೇಳಿದ ಹಾಗೆ.

ಕೊನೆಗೆ ಒಂದು ಪ್ರಶ್ನೆ. ಟಿಐ-30ಎಕ್ಸ್‌ಎಸ್ ಎಂಬ ಕ್ಯಾಲ್ಕುಲೇಟರ್ ಬೇಕು ಎಂದು ಎಲ್ಲೋ ಓದಿದೆ. ಆನ್‌ಲೈನಿನಲ್ಲಿ ದರ ನೋಡಿದರೆ ಎದೆ ಧಸಕ್ ಎಂದಿತು. ಅದನ್ನು ಇಲ್ಲಿಂದಲೇ ತಗೊಂಡು ಹೋಗಬೇಕಾ?

ಕುಮಟೆಯವಳು, ಈಗ ಟೆಕ್ಸಾಸ್

ಅಯ್ಯೋ ಬೇಡ ಅಕ್ಕಾ. ‘ಡಿ’ ಹಂತದ ಗಣಿತದಲ್ಲಿ ಒಂದು ಭಾಗಕ್ಕೆ ಕ್ಯಾಲ್ಕುಲೇಟರ್ ಬಿಡುತ್ತಾರೆ, ಇನ್ನೊಂದು ಭಾಗಕ್ಕೆ ಬಿಡುವುದಿಲ್ಲ. ಕಂಪ್ಯೂಟರಿನಲ್ಲಿ ಬರೆದರೆ ಅದು ಪರದೆಯ ಮೇಲೆಯೇ ಇರುತ್ತದೆ. ಡಿಆರ್‌ಸಿಯ ಅಭ್ಯಾಸದ ಜಾಗದಲ್ಲಿ ಒತ್ತಿ ನೋಡಿ, ಭಿನ್ನರಾಶಿಯ ಗುಂಡಿ ಎಲ್ಲಿದೆ ಎಂದು ಗೊತ್ತಾದರೆ ಸಾಕು. ಕ್ಯಾಲ್ಕುಲೇಟರ್ ಇಲ್ಲದ ಭಾಗಕ್ಕೆ ನಿಮ್ಮ ಸಂಘದ ಪುಸ್ತಕ ಇದೆ. ನಿಮ್ಮ ಅತ್ತೆಯೂ ಇದ್ದಾರೆ.

ಅಂಕೋಲಾ ಟೇಲರಕ್ಕ

ಬದುಕಿದೆ. ಹಾಗಾದರೆ ಆ ದುಡ್ಡಿನಲ್ಲಿ ಮೌಸು ತಗೊಳ್ಳುತ್ತೇನೆ. ಮಗನ ಹಳೆ ಲ್ಯಾಪ್‌ಟಾಪ್ ಇದೆ, ಅದರ ಎಡಗಡೆ ಕೀಲಿ ಕೆಲಸ ಮಾಡುವುದಿಲ್ಲ. ಕಾರವಾರದ ತಮ್ಮಾ, ಶನಿವಾರ ಅಸ್ತರ ತರಲು ಅಲ್ಲಿಗೆ ಬರುತ್ತೇನೆ. ನಿಮ್ಮ ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ?

ಕಾರವಾರದ ಕಡಲಕಾಗೆ

ಎಂಟರವರೆಗೆ ಇರುತ್ತೇನೆ ಅಕ್ಕಾ. ಮೌಸಿಗೆ ಟ್ವೆಂಟಿ ಪರ್ಸೆಂಟ್ ಆಫ್ ಕೊಡುತ್ತೇನೆ. ಎರಡು ಎಫ್ ಇರುವುದು.